ಬೋರ್ಡಣ್ಣನ ಏಳು ಗೋಡೆಗಳು

ಸೋಮವಾರ ಬೆಳಿಗ್ಗೆ ಎಂಟು ನಲವತ್ತಕ್ಕೆ ಠಾಣೆಗೆ ಬಂದ ದೂರು ಕೇಳಿ ಬಾಗಿಲ ಸೆಂಟ್ರಿ ಮೊದಲು ನಕ್ಕುಬಿಟ್ಟ. ಆಮೇಲೆ ದೂರುದಾರನ ಮುಖ ನೋಡಿ, ನಗು ನುಂಗಿಕೊಂಡು, ಒಳಗೆ ಕಳಿಸಿದ. ದೂರುದಾರ ಮುಖ್ಯಬೀದಿಯ ಮೊಬೈಲ್ ಅಂಗಡಿಯ ಮಾಲೀಕ. ವಯಸ್ಸು ಮೂವತ್ತೆರಡು. ಕೈಯಲ್ಲಿ ಎರಡು ಫೋನು, ಎರಡರಲ್ಲೂ ಒಂದೇ ಗೋಡೆಯ ಫೋಟೊ.

"ಏನು ಕಳುವಾಗಿದೆ?" ಇನ್ಸ್‌ಪೆಕ್ಟರ್ ಕೇಳಿದರು.

"ಬೋರ್ಡು ಮೇಡಂ."

"ಅಂಗಡಿ ಬೀಗ?"

"ಹಾಕಿದ ಹಾಗೇ ಇದೆ."

"ಒಳಗಿದ್ದ ಫೋನುಗಳು?"

"ಒಂದೂ ಹೋಗಿಲ್ಲ. ಬೋರ್ಡು ಮಾತ್ರ. ಹನ್ನೆರಡು ಅಡಿ ಫ್ಲೆಕ್ಸು. ಅದರಲ್ಲಿ ನನ್ನ ಫೋಟೋನೂ ಇತ್ತು."

"ನಿಮ್ಮ ಫೋಟೊ ಯಾರಿಗಾದರೂ ಬೇಕಾಗಿತ್ತಾ?"

ಮಾಲೀಕನ ಮುಖ ಹುಳ್ಳಗಾಯಿತು. "ತಮಾಷೆ ಮಾಡ್ಬೇಡಿ ಮೇಡಂ. ಬೋರ್ಡಿಲ್ಲದ ಅಂಗಡಿ ಅಂದ್ರೆ ಬೀದೀಲಿ ಬರಿಮೈಯಲ್ಲಿ ನಿಂತ ಹಾಗೆ."

ಇನ್ಸ್‌ಪೆಕ್ಟರ್ ತಮಾಷೆ ಮಾಡಿರಲಿಲ್ಲ. ಅವರು ವರ್ಗವಾಗಿ ಈ ಠಾಣೆಗೆ ಬಂದು ನಾಲ್ಕು ತಿಂಗಳಾಗಿತ್ತು. ಹದಿನಾಲ್ಕು ವರ್ಷದ ಸರ್ವಿಸಿನಲ್ಲಿ ಅವರ ಒಂದೇ ಒಂದು ಕಡತವೂ ‘ಪತ್ತೆಯಾಗಲಿಲ್ಲ’ ಎಂಬ ಷರಾ ಹೊತ್ತು ಕಪಾಟು ಸೇರಿರಲಿಲ್ಲ. ಈ ಮಾತನ್ನು ಅವರಾಗಿ ಯಾರ ಹತ್ತಿರವೂ ಹೇಳಿಕೊಳ್ಳುತ್ತಿರಲಿಲ್ಲ. ಬೇರೆಯವರು ಹೇಳಿದರೆ ತಡೆಯುತ್ತಲೂ ಇರಲಿಲ್ಲ. ಬೋರ್ಡಾದರೇನು, ಕಳುವು ಕಳುವೇ. 9.25ಕ್ಕೆ ಎಫ್‌ಐಆರ್ ದಾಖಲಾಯಿತು.

ಸ್ಥಳ ಪಂಚನಾಮೆಗೆ ಹೊರಟವರು ಹೆಡ್ ಕಾನ್‌ಸ್ಟೆಬಲ್. ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದ ಅವರನ್ನು ಠಾಣೆಯಲ್ಲಿ ಎಲ್ಲರೂ ಪಂಚನಾಮೆ ಮಾಮ ಎಂದೇ ಕರೆಯುತ್ತಿದ್ದರು. ಒಂದು ಬಕೆಟ್ ಕಳುವಾದರೂ ಅದರ ಹಿಡಿಕೆಯ ತುಕ್ಕು ಎಷ್ಟು ಬೆರಳಗಲ ಇತ್ತೆಂದು ಬರೆಯುವ ಆಸಾಮಿ. ಬರವಣಿಗೆ ಮಾತ್ರ ದುಂಡಗೆ, ಸಾಲು ತಪ್ಪದೆ. ಜೊತೆಗೆ ಕಾನ್‌ಸ್ಟೆಬಲ್ ಕಡ್ಡಿ ಹೋದ. ಹೆಸರಿಗೆ ತಕ್ಕ ಮೈಕಟ್ಟು. ಎಲ್ಲಿ ಗೋಡೆ ಕಂಡರೂ ಒರಗಿಕೊಂಡು ನಿಲ್ಲುವ ಅಭ್ಯಾಸ.

ಮಧ್ಯಾಹ್ನ ಇನ್ಸ್‌ಪೆಕ್ಟರ್ ಮೇಜಿಗೆ ಬಂದ ಪಂಚನಾಮೆ ನಾಲ್ಕು ಪುಟವಿತ್ತು. ಅದರಲ್ಲೊಂದು ಭಾಗವನ್ನು ಅವರು ಎರಡು ಸಲ ಓದಿದರು:

‘ಫ್ಲೆಕ್ಸನ್ನು ಬಿಗಿದಿದ್ದ ಹತ್ತು ಸ್ಕ್ರೂಗಳು ಅಂಗಡಿಯ ಹೊಸ್ತಿಲ ಬದಿಯಲ್ಲಿ, ಮಡಚಿದ ಕಾಗದದ ಮೇಲೆ, ಉದ್ದದ ಪ್ರಕಾರ ಸಾಲಾಗಿ ಜೋಡಿಸಿದ ಸ್ಥಿತಿಯಲ್ಲಿ ಕಂಡುಬಂದವು. ಯಾವುದರ ತಲೆಯೂ ಕೆತ್ತಿಹೋಗಿಲ್ಲ. ಮರದ ಪಟ್ಟಿಗಳನ್ನು ಗೋಡೆಗೆ ಒರಗಿಸಿ, ಜಾರದಂತೆ ಬುಡಕ್ಕೆ ಕಲ್ಲು ಕೊಡಲಾಗಿದೆ. ಫ್ಲೆಕ್ಸಿನ ಹಿಂದಿನ ಗೋಡೆಯಲ್ಲಿ ಎಣ್ಣೆ ಬಣ್ಣದ ಹಳೆಯ ಬರಹವಿದ್ದು, ‘ಸೈಕಲ್ ಬಾಡಿಗೆಗೆ, ಬ್ರೇಕ್ ನೋಡಿಕೊಂಡು ಹೊರಡಿ’ ಎಂದು ಓದಲು ಬರುತ್ತದೆ. ಗೋಡೆಯ ದೂಳನ್ನು ಇತ್ತೀಚೆಗೆ ಒದ್ದೆ ಬಟ್ಟೆಯಿಂದ ಒರೆಸಲಾಗಿದೆ. ಕಳ್ಳನು ಅವಸರದಲ್ಲಿದ್ದಂತೆ ಕಾಣುವುದಿಲ್ಲ.’

"ಹಳೇ ಬರಹ ಯಾರದು?" ಎಂದರು ಇನ್ಸ್‌ಪೆಕ್ಟರ್.

"ಮೊದಲು ಅಲ್ಲಿ ಸೈಕಲ್ ಅಂಗಡಿ ಇತ್ತಂತೆ ಮೇಡಂ. ಈಗಿನವನ ಅಪ್ಪಂದು."

ಗೋಡೆ ಎಂದ ಮೇಲೆ ಒಂದಲ್ಲ ಒಂದು ಬರಹ ಇದ್ದೇ ಇರುತ್ತದೆ. ಇನ್ಸ್‌ಪೆಕ್ಟರ್ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ತನಿಖೆ ಮುಗಿಯುವವರೆಗೆ ಆ ಗೋಡೆಯ ಮೇಲೆ ಹೊಸದೇನನ್ನೂ ಹಾಕಬಾರದು, ಯಾರೂ ಮುಟ್ಟಬಾರದು ಎಂದು ಹೇಳಿಕಳಿಸಿದರು. ಈ ಅಪ್ಪಣೆಯಿಂದ ಯಾರಿಗೆ ಉಪಕಾರವಾಯಿತೆಂದು ಅವರಿಗೆ ಗೊತ್ತಾಗಿದ್ದು ವಾರದ ಕೊನೆಗೆ.

ಮಂಗಳವಾರ ಬೆಳಿಗ್ಗೆ ಔಷಧಿ ಅಂಗಡಿಯ ಬೋರ್ಡು ಹೋಯಿತು. ಮತ್ತೆ ಸ್ಕ್ರೂಗಳ ಸಾಲು, ಬುಡಕ್ಕೆ ಕಲ್ಲು. ಆ ಗೋಡೆಗೂ ಅದೇ ಅಪ್ಪಣೆ ಹೋಯಿತು. ಔಷಧಿ ಅಂಗಡಿಯವನು ಕೆಂಡಾಮಂಡಲವಾಗಿ ಬಂದು, ಊರಲ್ಲಿ ಪೊಲೀಸರು ಇದ್ದಾರೋ ಇಲ್ಲವೋ ಎಂದು ಪೊಲೀಸರನ್ನೇ ಕೇಳಿದ. 

ಬೋರ್ಡು ಹೋದರೆ ಲಾಭ ಯಾರಿಗೆ? ಹೊಸ ಬೋರ್ಡು ಮಾಡಿಕೊಡುವವನಿಗೆ. 11.30ಕ್ಕೆ ಫ್ಲೆಕ್ಸ್ ಮುದ್ರಿಸುವವನನ್ನು ಠಾಣೆಗೆ ಕರೆಸಿದರು.

"ನಿನ್ನೆ ರಾತ್ರಿ ಎಲ್ಲಿದ್ರಿ?"

"ನಿದ್ದೆಯಲ್ಲಿ."

"ಸಾಕ್ಷಿ?"

"ನನ್ನ ಹೆಂಡತಿ. ನಾನು ಗೊರಕೆ ಹೊಡೀತೀನಿ ಅಂತ ಯಾವ ಕೋರ್ಟಲ್ಲಿ ಬೇಕಾದ್ರೂ ಹೇಳ್ತಾಳೆ."

"ಎರಡು ದಿನದಲ್ಲಿ ಎರಡು ಹೊಸ ಬೋರ್ಡಿನ ಕೆಲಸ ಬಂತಲ್ಲ ನಿಮಗೆ?"

"ಮೇಡಂ, ಒಂದು ಫ್ಲೆಕ್ಸು ಹತ್ತು ನಿಮಿಷದ ಕೆಲಸ. ಅದಕ್ಕೋಸ್ಕರ ಯಾರಾದ್ರೂ ರಾತ್ರಿ ನಿದ್ದೆ ಕೆಡಿಸ್ಕೋತಾರಾ?" ಎಂದವನು, ಮೇಜಿನ ಮೇಲಿದ್ದ ಸ್ಕ್ರೂವೊಂದನ್ನು ಬೆಳಕಿಗೆ ಹಿಡಿದ. "ಇದು ನಮ್ಮ ಹುಡುಗರ ಕೈ ಅಲ್ಲ. ನಮ್ಮೋರು ಮೆಷಿನ್ನಲ್ಲಿ ಗಿರ್ರ್ ಅಂತ ಕಿತ್ತು ಬಿಸಾಕ್ತಾರೆ. ಇದನ್ನ ಯಾರೋ ಕೈಯಲ್ಲಿ ತಿರುಗಿಸಿ ತೆಗೆದಿದ್ದಾರೆ. ಕೆಲಸ ಗೊತ್ತಿರೋರು."

ಅವನನ್ನು ಕಳಿಸಿಬಿಟ್ಟರು. ಆದರೆ ‘ಕೆಲಸ ಗೊತ್ತಿರೋರು’ ಎಂಬ ಮಾತು ಮೇಜಿನ ಮೇಲೆಯೇ ಉಳಿಯಿತು. ಆ ಸಂಜೆಯಿಂದ ಕಡ್ಡಿಗೆ ಮುಖ್ಯಬೀದಿಯ ಗಸ್ತು ಬಿತ್ತು, ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ. ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಿರುಗಿದ. ಐದಕ್ಕೆ ಗಸ್ತು ಮುಗಿಸಿ ಹೋದ. ಆರಕ್ಕೆ ಬೇಕರಿಯವರು ಬಾಗಿಲು ತೆಗೆಯಲು ಬಂದಾಗ ಬೋರ್ಡಿರಲಿಲ್ಲ.

ಬುಧವಾರದ ಆ ಪಂಚನಾಮೆಯ ಹೊತ್ತಿಗೆ ನಡೆದದ್ದನ್ನು ಠಾಣೆಯವರು ಇನ್ನೂ ಹತ್ತು ವರ್ಷ ಹೇಳಿಕೊಂಡು ನಗುತ್ತಾರೆ. ಬೇಕರಿಯ ಫ್ಲೆಕ್ಸಿನ ಹಿಂದೆಯೂ ಹಳೆಯ ಬರಹವಿತ್ತು: ‘ಬಿಸಿ ಬ್ರೆಡ್, ಬೆಳಿಗ್ಗೆ ಆರಕ್ಕೆ.’ ಕಟ್ಟಡ ತಗ್ಗು, ಬರಹ ಭುಜದ ಎತ್ತರಕ್ಕೇ ಇತ್ತು. ರಾತ್ರಿಯಿಡೀ ತಿರುಗಿ ಸುಸ್ತಾಗಿದ್ದ ಕಡ್ಡಿ ಎಂದಿನಂತೆ ಗೋಡೆಗೆ ಒರಗಿ ನಿಂತ. ಮಾಮ ಅಳತೆ ಟೇಪು ಹಿಡಿಯಲು ಕರೆದಾಗ ಬಂದು ಬೆನ್ನು ತಿರುಗಿಸಿದ. ಖಾಕಿ ಅಂಗಿಯ ಬೆನ್ನ ಮೇಲೆ ಅಂಗೈಯಗಲ ಕೆಂಪು.

"ರಕ್ತ!" ಎಂದು ಬೇಕರಿಯವನು ಕೂಗಿದ.

ಮಾಮ ಮೂಸಿ ನೋಡಿದರು. "ಬಣ್ಣ," ಎಂದರು.

ಇಪ್ಪತ್ತು ವರ್ಷಕ್ಕೂ ಹಳೆಯದಾದ ಬರಹದಲ್ಲಿ ಒಂದೇ ಒಂದು ಅಕ್ಷರದ ಬಾಲ ಹಸಿಯಾಗಿತ್ತು. ನೀರು ಬಿದ್ದು ಉದುರಿದ್ದ ತುಣುಕನ್ನು ಯಾರೋ ಅಂದೇ ಬೆಳಿಗ್ಗೆ ತಿದ್ದಿದ್ದರು. ಮಾಮ ಅಲ್ಲೇ, ಬೀದಿಯಲ್ಲೇ, ಕಡ್ಡಿಯ ಅಂಗಿ ಬಿಚ್ಚಿಸಿ, ಇಬ್ಬರು ಪಂಚರ ಸಮಕ್ಷಮ ಜಪ್ತಿ ಮಾಡಿದರು. ಕಡ್ಡಿ ಬನಿಯನ್ನಿನಲ್ಲಿ ಠಾಣೆಗೆ ನಡೆದು ಬಂದ.

"ಕಳ್ಳ ಕದಿಯೋಕೆ ಬರ್ತಾನಾ, ತಿದ್ದೋಕೆ ಬರ್ತಾನಾ?" ಎಂದರು ಇನ್ಸ್‌ಪೆಕ್ಟರ್.

ಮೂರು ದಿನದಲ್ಲಿ ಮೊದಲ ಬಾರಿಗೆ ಅವರಿಗೆ ಹುರುಪು ಬಂತು. ಇಷ್ಟು ದಿನ ಅವರು ಹೋದ ಫ್ಲೆಕ್ಸನ್ನು ಹುಡುಕುತ್ತಿದ್ದರು. ನೋಡಬೇಕಾದದ್ದು ಉಳಿದ ಗೋಡೆಯನ್ನು.

ಗುರುವಾರ ದರ್ಜಿ ಅಂಗಡಿಯ ಬೋರ್ಡು ಹೋಯಿತು. ಅದರ ಹಿಂದೆ ‘ಹೇಳಿದ ದಿನಕ್ಕೆ ಬಟ್ಟೆ’ ಎಂದಿತ್ತು. ಅದನ್ನು ಓದಿ ಈಗಿನ ದರ್ಜಿಯ ಗಿರಾಕಿಗಳು ಬಿದ್ದು ಬಿದ್ದು ನಕ್ಕರು. ಮಧ್ಯಾಹ್ನ ಇನ್ಸ್‌ಪೆಕ್ಟರ್ ಊರಿನ ಒಂದೇ ಒಂದು ಬಣ್ಣದ ಅಂಗಡಿಗೆ ಹೋದರು.

"ಈ ವಾರ ಕೆಂಪು ಎಣ್ಣೆ ಬಣ್ಣ ಯಾರಾದರೂ ತಗೊಂಡ್ರಾ? ಚಿಕ್ಕ ಡಬ್ಬ."

"ಒಬ್ರು ತಗೊಂಡ್ರು ಮೇಡಂ. ಭಾನುವಾರ. ಅರವತ್ತರ ಮೇಲಿನೋರು. ಅಕ್ಷರ ಬರೆಯೋ ಚಪ್ಪಟೆ ಬ್ರಷ್ ಕೇಳಿದ್ರು. ಅದನ್ನ ಕೇಳೋರು ಇಲ್ಲ ಅಂತ ನಾನು ತರಿಸೋದು ಬಿಟ್ಟು ಹತ್ತು ವರ್ಷ ಆಯ್ತು. ಇಲ್ಲ ಅಂದೆ. ಮಾಮೂಲಿ ಬ್ರಷ್ ಒಂದು ತಗೊಂಡು, ಇದೇ ಮೆಟ್ಟಿಲ ಮೇಲೆ ಕೂತು, ಬ್ಲೇಡಲ್ಲಿ ಕೂದಲು ಓರೆಯಾಗಿ ಕತ್ತರಿಸ್ಕೊಂಡ್ರು. ಅರ್ಧ ಗಂಟೆ. ಗಿರಾಕಿಗಳನ್ನ ಬಿಟ್ಟು ನಾನು ಅದನ್ನೇ ನೋಡ್ತಾ ಕೂತಿದ್ದೆ."

"ಊರಿನವರಾ?"

"ಮಾತು ಊರಿಂದೇ. ಆದ್ರೆ ಬಸ್ ಸ್ಟ್ಯಾಂಡ್ ಎಲ್ಲಿ ಅಂತ ಕೇಳಿದ್ರು. ಬಸ್ ಸ್ಟ್ಯಾಂಡು ಎದುರಿಗೇ ಇತ್ತು. ಬೂಟಿನ ಅಂಚಿಗೆಲ್ಲ ಹಳದಿ ಬಣ್ಣ, ರಸ್ತೆ ಮೇಲೆ ಹೊಡೀತಾರಲ್ಲ, ಆ ಥರದ್ದು." ಅಂಗಡಿಯವನು ಸ್ವಲ್ಪ ಯೋಚಿಸಿದ. "ಹಳಬರ ವಿಷಯ ಬೇಕಾದ್ರೆ ಕಟಿಂಗ್ ಶಾಪಿನ ಯಜಮಾನರನ್ನ ಕೇಳಿ. ಈ ಬೀದಿಯ ಎಲ್ಲರ ತಲೆಯೂ ಅವರ ಕೈಯಲ್ಲಿ ಹಾದುಹೋಗಿದೆ."

ಯಜಮಾನರು ಅಂಗಡಿ ಮುಚ್ಚಿ ಮಗಳ ಮನೆಗೆ ಹೋಗಿದ್ದರು, ಶನಿವಾರ ಮಧ್ಯಾಹ್ನ ಬರುತ್ತಾರೆಂದು ತಿಳಿಯಿತು. ಅಷ್ಟರಲ್ಲಿ ಶುಕ್ರವಾರ ಲಾಂಡ್ರಿಯ ಬೋರ್ಡೂ ಶನಿವಾರ ಬೆಳಿಗ್ಗೆ ಫೋಟೊ ಸ್ಟುಡಿಯೋದ ಬೋರ್ಡೂ ಹೋದವು. ಗಸ್ತನ್ನು ಆರು ಗಂಟೆಯವರೆಗೆ ವಿಸ್ತರಿಸಿದ್ದರೂ, ಕಡ್ಡಿ ಬೀದಿಯ ಈ ತುದಿಗೆ ಬಂದಾಗ ಆ ತುದಿಯಲ್ಲಿ ಕೆಲಸ ಮುಗಿದಿರುತ್ತಿತ್ತು. ಮೇಲಧಿಕಾರಿಗಳ ಫೋನೂ ಬಂತು.

"ಏನಮ್ಮಾ, ಆರು ಬೋರ್ಡು! ಪತ್ರಿಕೆಯವರು ನಗ್ತಿದ್ದಾರೆ. ಸೋಮವಾರದೊಳಗೆ ಆಗುತ್ತಾ ಇಲ್ವಾ?"

"ಆಗುತ್ತೆ ಸರ್," ಎಂದರು ಇನ್ಸ್‌ಪೆಕ್ಟರ್. ಫೋನಿಟ್ಟ ಮೇಲೂ ಕಿವಿ ಬಿಸಿಯಾಗಿಯೇ ಇತ್ತು.

ಶನಿವಾರ ಸಂಜೆ 4.30. ಕಟಿಂಗ್ ಶಾಪಿನಲ್ಲಿ ಎರಡು ಕುರ್ಚಿ, ಒಂದು ಉದ್ದನೆಯ ಕನ್ನಡಿ. ಕನ್ನಡಿಯ ಮೇಲ್ಭಾಗದಲ್ಲಿ ನೀಲಿ ಬಣ್ಣದಲ್ಲಿ ಒಂದು ಸಾಲು: ‘ಕತ್ತರಿ ಆಡುವಾಗ ತಲೆ ಆಡಿಸಬೇಡಿ.’ ಇನ್ಸ್‌ಪೆಕ್ಟರ್ ಅದನ್ನೂ, ತಮ್ಮ ಫೋನಿನಲ್ಲಿದ್ದ ಆರು ಗೋಡೆಗಳ ಫೋಟೊಗಳನ್ನೂ ನೋಡಿದರು. ಬರಹದ ವಿಷಯ ಏನೂ ತಿಳಿಯದವರಿಗೂ ಅದು ಒಂದೇ ಕೈ ಎಂದು ಕಾಣುವಂತಿತ್ತು.

"ಇದನ್ನ ಬರೆದವರು ಯಾರು ಯಜಮಾನ್ರೇ?"

"ಬೋರ್ಡಣ್ಣ." ಯಜಮಾನರ ಎದೆ ಒಂದಿಷ್ಟು ಉಬ್ಬಿತು. "ಅವನ ಕೈ ಎಲ್ಲಿದ್ರೂ ಗೊತ್ತಾಗುತ್ತೆ. ನೋಡಿ, ಅಕ್ಷರದ ತಲೆಕಟ್ಟನ್ನ ಒಂದೇ ಎಳೆತಕ್ಕೆ ಎಳೀತಿದ್ದ. ಮಧ್ಯ ಬ್ರಷ್ ಎತ್ತುತ್ತಿರಲಿಲ್ಲ. ಎಳೆದು ಮುಗಿಸೋವರೆಗೂ ಉಸಿರು ಬಿಡ್ತಿರಲಿಲ್ಲ. ಈ ಬೀದಿಯ ಮೂವತ್ತೊಂದು ಬೋರ್ಡೂ ಅವನದೇ."

"ಈಗ ಎಲ್ಲಿದ್ದಾರೆ?"

"ಊರು ಬಿಟ್ಟು ಇಪ್ಪತ್ನಾಲ್ಕು ವರ್ಷ ಆಯ್ತು. ಹೊರದೇಶಕ್ಕೆ ಹೋದ."

"ನಾನು ಕೇಳಿದ್ದು ಈಗ ಎಲ್ಲಿದ್ದಾರೆ ಅಂತ."

ಯಜಮಾನರು ಆಗಲೇ ಮಡಚಿಟ್ಟಿದ್ದ ಟವೆಲನ್ನು ಬಿಡಿಸಿ ಮತ್ತೆ ಮಡಚಿದರು. ಇನ್ಸ್‌ಪೆಕ್ಟರ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಖಾಲಿ ಕುರ್ಚಿಯಲ್ಲಿ ಕೂತರು. ಅವಸರವಿಲ್ಲ ಎಂದು ಹೇಳುವ ರೀತಿ ಅದು. ಟವೆಲು ಮೂರನೇ ಸಲ ಮಡಚಿಕೊಂಡಿತು.

"ಬಂದಿದ್ದ," ಎಂದರು ಯಜಮಾನರು ಕೊನೆಗೆ. "ಹೋದ ಶನಿವಾರ, ಮಗಳನ್ನ ಕರ್ಕೊಂಡು. ಊರು ಬಿಡುವಾಗ ಅವಳಿಗೆ ಮೂರು ವರ್ಷ. ಅಲ್ಲಿ ಅವಳಿಗೆ ಇಷ್ಟು ವರ್ಷ ಒಂದೇ ಕತೆ ಹೇಳಿದಾನೆ ಮೇಡಂ, ‘ನಮ್ಮೂರಲ್ಲಿ ಒಂದು ಬೀದಿ ಪೂರ್ತಿ ನಿಮ್ಮಪ್ಪನ ಕೈಬರಹ’ ಅಂತ. ಕರ್ಕೊಂಡು ಬಂದು ನಿಲ್ಲಿಸಿದ್ರೆ ಇಲ್ಲಿ ಏನಿದೆ? ಬರೀ ಫ್ಲೆಕ್ಸು. ಮುಖ್ಯಬೀದೀಲಿ ನಿಂತ್ಕೊಂಡೇ ಮುಖ್ಯಬೀದಿ ಯಾವ ಕಡೆ ಅಂತ ಯಾರನ್ನೋ ಕೇಳಿದನಂತೆ. ಅವನ ಮನೆ ಇದ್ದ ಜಾಗದಲ್ಲಿ ಈಗ ಪಾರ್ಕಿಂಗು. ಕೊನೆಗೆ ಇಲ್ಲಿಗೆ ಬಂದು, ಈ ಕನ್ನಡಿ ಮೇಲಿನ ಸಾಲು ತೋರಿಸಿದ."

"ಮಗಳು ಏನಂದಳು?"

"‘ಚೆನ್ನಾಗಿದೆ ಅಪ್ಪ’ ಅಂದ್ಲು. ಒಳ್ಳೆ ಹುಡುಗಿ ಪಾಪ, ನೋಯಿಸಬಾರದು ಅಂತಲೇ ಅಂದಿದ್ದು. ಆದ್ರೆ ಅದನ್ನ ಕೇಳಿದಾಗ ಅವನ ಮುಖ ಹೇಗಾಯ್ತು ಅನ್ನೋದನ್ನ ನಾನು ಕನ್ನಡೀಲಿ ನೋಡಿದೆ."

"ಎಲ್ಲಿ ಇಳಿದುಕೊಂಡಿದ್ದಾರೆ?"

"ಯಾವುದೋ ಲಾಡ್ಜು. ನಮ್ಮನೆಗೆ ಬಾ ಅಂದೆ, ಬರಲಿಲ್ಲ. ಅವನು ಊರಲ್ಲೇ ಉಳ್ಕೋತಾನಂತೆ. ಅವಳಿಗೆ ನಾಳೆ ಸಂಜೆ ವಿಮಾನ. ಅವಳ ಕೆಲಸ, ಜೀವನ ಎಲ್ಲಾ ಅಲ್ಲೇ ಅಲ್ವಾ."

ನಾಳೆ ಸಂಜೆ. ಇನ್ಸ್‌ಪೆಕ್ಟರ್ ಮನಸ್ಸಿನಲ್ಲಿ ದಿನಗಳನ್ನು ಲೆಕ್ಕ ಹಾಕಿದರು. "ಮೂವತ್ತೊಂದರಲ್ಲಿ ಹಳೆಯ ಗೋಡೆ ಉಳಿದಿರೋದು ಎಷ್ಟು ಕಡೆ?"

ಯಜಮಾನರು ಕಣ್ಣು ಮುಚ್ಚಿ, ಬೀದಿಯ ಒಂದು ತುದಿಯಿಂದ ಬೆರಳು ಮಡಚುತ್ತಾ ಬಂದರು. "ನನ್ನ ಕನ್ನಡಿ ಬಿಟ್ರೆ, ಏಳು. ಮಿಕ್ಕಿದ್ದೆಲ್ಲ ಕೆಡವಿ ಕಟ್ಟಿದ್ದು."

"ಆರು ತೆರೆದಿವೆ. ಏಳನೇದು?"

ಯಜಮಾನರು ಅವರ ತೊಡೆಯ ಮೇಲಿದ್ದ ಟೋಪಿಯನ್ನು ನೋಡಿದರು. "ದಿನಾ ಅದರ ಕೆಳಗೇ ಓಡಾಡ್ತೀರಲ್ಲ ಮೇಡಂ."

ಠಾಣೆಯ ಮುಂಗೋಡೆಯ ಮೇಲೆ ಎಂಟು ಅಡಿಯ ಫ್ಲೆಕ್ಸ್ ಇತ್ತು. ಸಹಾಯವಾಣಿಯ ಸಂಖ್ಯೆ, ಮೂವರು ಅಧಿಕಾರಿಗಳ ಫೋಟೊ. ಮೂವರಲ್ಲಿ ಇಬ್ಬರು ಆಗಲೇ ನಿವೃತ್ತರು. ನಾಲ್ಕು ತಿಂಗಳಿಂದ ಅದನ್ನು ದಾಟುತ್ತಿದ್ದ ಇನ್ಸ್‌ಪೆಕ್ಟರ್ ಅಂದು ಸಂಜೆ ಮೊದಲ ಬಾರಿಗೆ ಅದರೆದುರು ನಿಂತು ತಲೆಯೆತ್ತಿ ನೋಡಿದರು.

ರಾತ್ರಿ ಎಂಟರೊಳಗೆ ಕಡ್ಡಿ ಲಾಡ್ಜ್ ಪತ್ತೆ ಮಾಡಿದ. ತಂದೆ ಎಂಟನೇ ಕೋಣೆ, ಮಗಳು ಒಂಬತ್ತನೇ ಕೋಣೆ. "ಈಗಲೇ ಎತ್ತಾಕ್ಕೊಂಡು ಬರಲಾ ಮೇಡಂ?" ಎಂದ.

"ಬೇಡ. ಮಾಲು ಸಮೇತ, ಕೆಲಸ ಮಾಡ್ತಿರುವಾಗಲೇ ಹಿಡಿಯೋಣ. ಸಾಕ್ಷ್ಯ ಗಟ್ಟಿಯಾಗಿರುತ್ತೆ."

ಸಾಕ್ಷ್ಯದ ಮಾತು ನಿಜವೇ. ಆದರೆ ಪೂರ್ತಿ ನಿಜವಲ್ಲವೆಂದು ಪಂಚನಾಮೆ ಮಾಮನಿಗೆ ತಿಳಿಯಿತು. ಫ್ಲೆಕ್ಸಿನ ಹಿಂದೆ ಏನಿದೆಯೆಂದು ಮೇಡಂಗೂ ನೋಡಬೇಕಿತ್ತು.

ಭಾನುವಾರ ಬೆಳಿಗ್ಗೆ 5.10. ಸೆಂಟ್ರಿಗೆ ಒಳಗೇ ಇರಲು ಹೇಳಿ, ಮೂವರೂ ಠಾಣೆಯ ಅಂಗಳದಲ್ಲಿ ಜಪ್ತಿ ಮಾಡಿಟ್ಟಿದ್ದ ಹಳೆಯ ವ್ಯಾನೊಂದರ ಹಿಂದೆ ಕೂತರು. 5.22ಕ್ಕೆ ಬೀದಿದೀಪ ಆರಿತು. 5.25ಕ್ಕೆ ಅವರು ಬಂದರು. ಭುಜದ ಮೇಲೆ ಮಡಚುವ ಏಣಿ, ಹೆಗಲಲ್ಲಿ ಚೀಲ, ಕೊರಳಿಗೆ ದಾರದಲ್ಲಿ ತೂಗುವ ಕನ್ನಡಕ. ಪೊಲೀಸ್ ಠಾಣೆಯ ಗೋಡೆಗೆ ಏಣಿ ಒರಗಿಸುವಾಗ ಅವರು ಆಚೀಚೆ ನೋಡಲೂ ಇಲ್ಲ. ಏಣಿ ಅಲ್ಲಾಡುತ್ತದೆಯೇ ಎಂದು ಮಾತ್ರ ನೋಡಿಕೊಂಡರು.

ಒಂದು ಸ್ಕ್ರೂ. ಎರಡು. ಪ್ರತಿಯೊಂದನ್ನೂ ಜೇಬಿಗೆ ಹಾಕಿಕೊಂಡು ಮುಂದಿನದಕ್ಕೆ ಕೈ ಹಾಕುತ್ತಿದ್ದರು.

"ಹಿಡೀಲಾ ಮೇಡಂ?" ಕಡ್ಡಿ ಪಿಸುಗುಟ್ಟಿದ.

"ಇನ್ನೂ ಎರಡು ಸ್ಕ್ರೂ ಇದೆ."

ಫ್ಲೆಕ್ಸ್ ಕೆಳಗಿಳಿಯಿತು. ಅದನ್ನು ಅವರು ನೆಲದ ಮೇಲೆ ಹಾಸಿ, ಅಧಿಕಾರಿಗಳ ಮುಖಕ್ಕೆ ಮಣ್ಣು ತಾಗದಂತೆ ಒಳಮುಖವಾಗಿ ಸುತ್ತಿ, ದಾರ ಕಟ್ಟಿದರು. ಸ್ಕ್ರೂಗಳನ್ನು ಕಾಗದದ ಮೇಲೆ ಸಾಲಾಗಿಟ್ಟರು. ಒದ್ದೆ ಬಟ್ಟೆ ಹಿಡಿದು ಮತ್ತೆ ಏಣಿ ಹತ್ತಿ ಗೋಡೆ ಒರೆಸಿದರು. ಅಷ್ಟು ಹೊತ್ತಿಗೆ ಬೆಳಕು ಹರಿದಿತ್ತು.

‘ಪೊಲೀಸ್ ಠಾಣೆ’ ಎಂದಿತ್ತು ಮೇಲೆ, ಮೊಳದುದ್ದದ ಕೆಂಪು ಅಕ್ಷರಗಳಲ್ಲಿ, ಪ್ರತಿ ಅಕ್ಷರಕ್ಕೂ ನೀಲಿ ನೆರಳು. ಕೆಳಗಿನ ಸಾಲು ಚಿಕ್ಕದು: ‘ಒಳಗೆ ಬನ್ನಿ.’

ಮೂವತ್ತಾರು ವರ್ಷ ಖಾಕಿ ತೊಟ್ಟ ಮಾಮ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ತಾವು ಕೆಲಸ ಮಾಡುವ ಕಟ್ಟಡ ಇಷ್ಟು ಚೆಂದವಿತ್ತೆಂದು ಇನ್ಸ್‌ಪೆಕ್ಟರಿಗೆ ಗೊತ್ತೇ ಇರಲಿಲ್ಲ. ಆ ಗೋಡೆಯ ಮೇಲೆ ಅವರಿಗೆ ತಟ್ಟನೆ ಹೆಮ್ಮೆಯಾಯಿತು.

ಕೆಳಸಾಲಿನ ಎರಡನೆಯ ಅಕ್ಷರದ ತಲೆಕಟ್ಟು ಉದುರಿತ್ತು. ಏಣಿಯ ಮೇಲಿದ್ದವರು ಚೀಲದಿಂದ ಬ್ರಷ್ ತೆಗೆದು, ಬಣ್ಣಕ್ಕೆ ಅದ್ದಿ, ಗೋಡೆಗೆ ತಾಗಿಸಿದರು. ಇನ್ಸ್‌ಪೆಕ್ಟರ್ ಎದ್ದು ಹೊರಗೆ ಬಂದರು.

"ಬೋರ್ಡಣ್ಣನವರೇ."

ಅವರು ಬೆಚ್ಚಲಿಲ್ಲ, ತಿರುಗಲಿಲ್ಲ. ಎಡಗೈಯನ್ನು ಮಾತ್ರ ಸ್ವಲ್ಪ ಎತ್ತಿ ತಡೆದರು. ಬ್ರಷ್ ಎಡದಿಂದ ಬಲಕ್ಕೆ ಒಂದೇ ಎಳೆತದಲ್ಲಿ ಸಾಗಿತು. ಕಡ್ಡಿ ಲಾಠಿ ಹಿಡಿದು ನಿಂತಿದ್ದ, ಮಾಮ ನಿಂತಿದ್ದರು, ಕಾನೂನೂ ಅಷ್ಟು ಹೊತ್ತು ಏಣಿಯ ಬುಡದಲ್ಲಿ ನಿಂತಿತ್ತು. ಎಳೆತ ಮುಗಿಯಿತು. ಅವರು ಉಸಿರು ಬಿಟ್ಟರು.

"ಕ್ಷಮಿಸಿ ಮೇಡಂ. ಮಧ್ಯದಲ್ಲಿ ಮಾತಾಡೋಕಾಗಲ್ಲ."

"ಕೆಳಗಿಳಿಯಿರಿ. ನಿಮ್ಮನ್ನ ಬಂಧಿಸಬೇಕಾಗಿದೆ. ಒಳಗೆ ನಡೀರಿ."

"ನಡೀತೀನಿ," ಎಂದರು ಬೋರ್ಡಣ್ಣ, ಬ್ರಷ್ ಒರೆಸಿಕೊಳ್ಳುತ್ತಾ. "ಬನ್ನಿ ಅಂತ ಬರ್ದೋನು ನಾನೇ ಅಲ್ವಾ."

ಬಂಧನದ ಸಮಯ ಬೆಳಿಗ್ಗೆ 5.52. ಕಡ್ಡಿ ಏಣಿ ಹೊತ್ತುಕೊಂಡು ಒಳಗೆ ಬಂದ. ಬೋರ್ಡಣ್ಣ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನನ್ನ ಬ್ರೆಡ್ಡಿನ ಬಾಲ ಅಳಿಸಿದವರು ನೀವೇ ಏನಪ್ಪಾ?" ಎಂದರು. ಕಡ್ಡಿ ತಲೆ ತಗ್ಗಿಸಿದ.

ಹೇಳಿಕೆ ದಾಖಲಿಸುವಾಗ ಮಾಮ ಎಂದಿಗಿಂತ ದುಂಡಗೆ ಬರೆದರು. ಎದುರಿಗೆ ಕೂತವರ ಕಣ್ಣು ತಮ್ಮ ಅಕ್ಷರಗಳ ಮೇಲಿರುವುದು ಅವರಿಗೆ ಗೊತ್ತಿತ್ತು.

"ಅಲ್ಲಿ ಏನು ಕೆಲಸ ಮಾಡ್ತಿದ್ರಿ?"

"ಪಾರ್ಕಿಂಗ್ ಜಾಗಕ್ಕೆ ಗೆರೆ ಹೊಡೆಯೋದು. ಗೆರೆ, ಬಾಣ, ನಂಬರು. ಅಚ್ಚಿನ ತಗಡು ಇಟ್ಟು ಅದರ ಮೇಲೆ ಬಣ್ಣ ಹೊಡೆಯೋದು. ಇಪ್ಪತ್ನಾಲ್ಕು ವರ್ಷ ಮೇಡಂ. ನನ್ನ ಕೈಯದೇ ಆದ ಅಕ್ಷರ ಒಂದೂ ಅಲ್ಲಿಲ್ಲ."

"ಅಂಗಡಿಯವರನ್ನ ಕೇಳಬಹುದಿತ್ತಲ್ಲ?"

"ಮೊಬೈಲ್ ಅಂಗಡಿಯವನನ್ನ ಕೇಳಿದೆ. ಒಂದೇ ಒಂದು ಗಂಟೆ ಬೋರ್ಡು ಇಳಿಸಪ್ಪಾ, ಮಗಳಿಗೆ ತೋರಿಸಿ ನಾನೇ ಮತ್ತೆ ಹಾಕ್ತೀನಿ ಅಂದೆ. ಸುಮ್ನೆ ಹೋಗಿ ಅಂಕಲ್ ಅಂದ. ಅವನು ಅಷ್ಟುದ್ದ ಇದ್ದಾಗ ಅವರಪ್ಪನ ಅಂಗಡಿ ಗೋಡೆ ಬರೆಯುವಾಗ ನನ್ನ ಬಣ್ಣದ ಡಬ್ಬ ಚೆಲ್ಲಿದ್ದ. ಎರಡನೇ ಕಡೆ ಕೇಳೋಕೆ ಮನಸ್ಸು ಬರಲಿಲ್ಲ."

"ಇಳಿಸಿದ ಬೋರ್ಡುಗಳು?"

"ಕೋಣೇಲಿವೆ. ಸೋಮವಾರ ಎಲ್ಲಾನೂ ನಾನೇ ಹಾಕಿಕೊಡ್ತಿದ್ದೆ. ಅವಳು ಹೊರಡೋ ದಿನ ಏಳನ್ನೂ ಒಟ್ಟಿಗೆ ತೋರಿಸಬೇಕಿತ್ತು, ಅಷ್ಟೇ. ಮಧ್ಯದಲ್ಲಿ ಯಾರೂ ಹೊಸ ಫ್ಲೆಕ್ಸ್ ಹಾಕಲಿಲ್ಲವಲ್ಲ ಅಂತ ನನಗೇ ಆಶ್ಚರ್ಯ."

ಇನ್ಸ್‌ಪೆಕ್ಟರ್ ಕೆಮ್ಮಿದರು. ವಾರವಿಡೀ ಆ ಗೋಡೆಗಳನ್ನು ಕಾದವರು ಯಾರೆಂದು ಅವರು ಹೇಳಲಿಲ್ಲ.

"ಯಾವ ಬೋರ್ಡಲ್ಲೂ ನಿಮ್ಮ ಹೆಸರಿಲ್ಲ. ಬೇರೆ ಕಲಾವಿದರೆಲ್ಲ ಮೂಲೇಲಿ ಸಹಿ ಹಾಕ್ತಾರೆ."

ಬೋರ್ಡಣ್ಣ ಬೆನ್ನು ನೆಟ್ಟಗೆ ಮಾಡಿಕೊಂಡರು. "ಬೀದಿಗೆ ಬೀದಿಯೇ ನಂದಾಗಿತ್ತು ಮೇಡಂ. ಹೆಸರು ಯಾಕೆ ಬೇಕಿತ್ತು?"

7.10ಕ್ಕೆ ಎಂಟನೇ ಕೋಣೆಯ ಶೋಧನೆ ನಡೆಯಿತು. ಮಂಚದ ಕೆಳಗೆ ಆರು ಸುರುಳಿ. ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ, ಚೀಟಿಯ ಮೇಲೆ ಆಯಾ ಅಂಗಡಿಯ ಹೆಸರು, ಮುದ್ರಿಸಿದಂಥ ಅಕ್ಷರಗಳಲ್ಲಿ. ಪಕ್ಕದ ಕೋಣೆಯಿಂದ ಗಾಬರಿಯಾಗಿ ಹೊರಬಂದ ಮಗಳಿಗೆ ಕಡ್ಡಿ ವಿಷಯ ತಿಳಿಸಿದ. ಜೀಪಿನಲ್ಲಿ ಕರೆದೊಯ್ಯುತ್ತೇನೆ ಎಂದ. ಅವಳು ಆರು ಸುರುಳಿಗಳನ್ನೂ ಅವುಗಳ ಚೀಟಿಗಳನ್ನೂ ನೋಡುತ್ತಾ ತುಸು ಹೊತ್ತು ನಿಂತಳು.

"ಈ ಅಂಗಡಿಗಳು ಎಲ್ಲೆಲ್ಲಿವೆ?" ಎಂದು ಕೇಳಿದಳು.

ಕಡ್ಡಿ ಹೇಳಿದ.

"ನಾನು ನಡೆದುಕೊಂಡು ಬರ್ತೀನಿ," ಎಂದಳು.

ಲಾಡ್ಜಿನಿಂದ ಠಾಣೆಗೆ ಇಡೀ ಮುಖ್ಯಬೀದಿ ದಾಟಿ ಬರಬೇಕು, ಹತ್ತು ನಿಮಿಷದ ದಾರಿ. ಅವಳಿಗೆ ಅರ್ಧ ಗಂಟೆಯಾಯಿತು. ಒಳಗೆ ಕೂತ ಬೋರ್ಡಣ್ಣನಿಗೆ ಆವರೆಗೆ ಇಲ್ಲದ ಚಡಪಡಿಕೆ ಶುರುವಾಯಿತು. ಪೊಲೀಸರಿಗೆ ಹೆದರದ ಮನುಷ್ಯ ಮಗಳಿಗೆ ಹೆದರಿ ಅಂಗೈ ಒರೆಸಿಕೊಳ್ಳುತ್ತಿದ್ದರು.

"ಅವಳಿಗೆ ನಮ್ಮ ಅಕ್ಷರ ಓದೋಕೆ ಬರುತ್ತಾ?" ಎಂದರು ಇನ್ಸ್‌ಪೆಕ್ಟರ್, ಹೊತ್ತು ಕಳೆಯಲೆಂದು.

"ನಾನೇ ಕಲಿಸಿದ್ದು. ರಜಾ ದಿನ ಖಾಲಿ ಪಾರ್ಕಿಂಗ್ ಜಾಗದಲ್ಲಿ, ಬ್ರಷ್ಷನ್ನ ನೀರಿಗೆ ಅದ್ದಿ ಕಾಂಕ್ರೀಟಿನ ಮೇಲೆ ಬರೀತಿದ್ದೆ. ಒಣಗೋದರೊಳಗೆ ಓದಬೇಕು. ಅಳಿಸಿ ಹೋಗದ ಅಕ್ಷರ ಅಂತ ನನ್ನ ಕೈಯಿಂದ ಅವಳು ನೋಡಿದ್ದು ಆ ಕನ್ನಡಿ ಮೇಲಿನ ಸಾಲೊಂದೇ."

8.05ಕ್ಕೆ ಗೇಟಿನ ಹೊರಗೆ ಚಪ್ಪಲಿಯ ಸದ್ದು ನಿಂತಿತು. ಗೋಡೆಯ ಆಚೆಯಿಂದ ಹೆಣ್ಣುದನಿಯೊಂದು ಗಟ್ಟಿಯಾಗಿ, ಒಂದೊಂದೇ ಅಕ್ಷರ ಬಿಡಿಸಿ, ಅವಸರವೇ ಇಲ್ಲದೆ ಓದಿತು.

"ಪೊಲೀಸ್ ಠಾಣೆ." ಸ್ವಲ್ಪ ಬಿಟ್ಟು, "ಒಳಗೆ ಬನ್ನಿ."

ಅವಳು ಒಳಗೆ ಬಂದಳು. ಕಣ್ಣು ಕೆಂಪಗಾಗಿತ್ತು, ತಲೆ ಎತ್ತಿಕೊಂಡೇ ಇದ್ದಳು. "ಏಳೂ ಓದಿದೆ ಅಪ್ಪ," ಎಂದಳು. "ಬೇಕರಿ ಹತ್ರ ಒಬ್ಬರು ಬ್ರೆಡ್ ತಗೊಳ್ತಾ ಇದ್ರು. ಇದನ್ನ ಬರೆದದ್ದು ನಮ್ಮಪ್ಪ ಅಂತ ಅವರಿಗೆ ಹೇಳಿದೆ. ಅವರು ಕೇಳಿರಲೇ ಇಲ್ಲ. ಆದರೂ ಹೇಳಿದೆ. ಆಮೇಲೆ ದರ್ಜಿ ಅಂಗಡಿ ಹತ್ರ ಇಬ್ಬರಿಗೆ ಹೇಳಿದೆ."

ಬೋರ್ಡಣ್ಣ ತಲೆಯಾಡಿಸಿದರು.

ಮುಂದಿನದು ಕಾಗದಪತ್ರದ ಕೆಲಸ. ವಶಪಡಿಸಿಕೊಂಡ ಮಾಲು ಅಖಂಡವಾಗಿದ್ದು ಹಿಂದಿರುಗಿಸುವ ಉದ್ದೇಶ ಚೀಟಿಗಳಿಂದ ಸ್ಪಷ್ಟವಾಗಿದ್ದರಿಂದ, ಕಲಂ ಬದಲಾವಣೆ ಕೋರಿ ನ್ಯಾಯಾಲಯಕ್ಕೆ ವರದಿ ಸಿದ್ಧವಾಯಿತು. ಠಾಣೆಯಲ್ಲೇ ಜಾಮೀನು. ಕಟಿಂಗ್ ಶಾಪಿನ ಯಜಮಾನರು ಅಂಗಡಿಯಲ್ಲಿ ಅರ್ಧ ತಲೆ ಕತ್ತರಿಸಿ ಬಿಟ್ಟುಬಂದು ಶ್ಯೂರಿಟಿ ಕೊಟ್ಟರು. ಬಂಧನ ಪತ್ರಕ್ಕೆ ಬೋರ್ಡಣ್ಣ ಸಹಿ ಹಾಕುವಾಗ ಮಾಮ ಎದ್ದು ನಿಂತು ನೋಡಿದರು. 11.15ಕ್ಕೆ ತಂದೆ ಮಗಳು ಹೊರಟರು. ವಿಮಾನಕ್ಕೆ ಇನ್ನೂ ಆರು ಗಂಟೆಯಿತ್ತು. ಬೀದಿಯನ್ನು ಇನ್ನೊಮ್ಮೆ, ಈ ಸಲ ಜೊತೆಯಾಗಿ, ನೋಡಲು ಅದು ಧಾರಾಳವಾಗಿ ಸಾಕು.

ಫ್ಲೆಕ್ಸುಗಳೆಲ್ಲ ಈಗ ಮೊಕದ್ದಮೆಯ ಸ್ವತ್ತು. ಬೇಕಾದವರು ನ್ಯಾಯಾಲಯಕ್ಕೆ ಅರ್ಜಿ ಹಾಕಿ ಬಿಡಿಸಿಕೊಳ್ಳಬೇಕು. ಔಷಧಿ ಅಂಗಡಿಯವನು ಮರುದಿನವೇ ಅರ್ಜಿ ಹಾಕಿ ಬಿಡಿಸಿಕೊಂಡು, ಮತ್ತೆ ಗೋಡೆಗೆ ಬಿಗಿಸಿಕೊಂಡ. ಲಾಂಡ್ರಿಯವನು ಹೊಸದು ಮಾಡಿಸಿದ. ಮೊಬೈಲ್ ಅಂಗಡಿಯ ಮಾಲೀಕ ಠಾಣೆಯವರೆಗೆ ಬಂದು, ಅರ್ಜಿಯ ನಮೂನೆ ತೆಗೆದುಕೊಂಡು, ಅಪ್ಪನ ಸೈಕಲ್ ಅಂಗಡಿಯ ಗೋಡೆಯೆದುರು ಬಹಳ ಹೊತ್ತು ನಿಂತಿದ್ದನಂತೆ. ಅರ್ಜಿ ಇನ್ನೂ ಬಂದಿಲ್ಲ. ಏಳನೆಯ ಸುರುಳಿ, ಅಂದರೆ ಠಾಣೆಯದು, ಜಪ್ತಿ ಮಾಲಿನ ಕೋಣೆಯ ಮೂಲೆಯಲ್ಲಿ ಮಾಮನ ಚೀಟಿ ಹೊತ್ತು ನಿಂತಿದೆ. ಅದಕ್ಕೆ ಅರ್ಜಿ ಹಾಕಬೇಕಾದವರು ಇನ್ಸ್‌ಪೆಕ್ಟರ್. ಅವರಿಗೆ ಬಿಡುವಾಗಿಲ್ಲ.

ಆ ಭಾನುವಾರ ಸಂಜೆ ಅವರು ಕೇಸ್ ಡೈರಿಯ ಕೊನೆಯ ಪುಟ ತೆರೆದರು. ‘ಪತ್ತೆಯಾಗಿದೆ’ ಎಂದು ಬರೆಯಲು ಕ್ಷಣವೂ ಬೇಕಾಗಲಿಲ್ಲ. ‘ಕೃತ್ಯಕ್ಕೆ ಪ್ರೇರಣೆ’ ಎಂಬಲ್ಲಿ ಪೆನ್ನು ನಿಂತಿತು. ಒಂದು ಸಾಲು ಬರೆದು ಹೊಡೆದುಹಾಕಿದರು. ಇನ್ನೊಂದು ಬರೆದು ಅದನ್ನೂ ಹೊಡೆದುಹಾಕಿದರು. ಕೊನೆಗೆ, ಪೆನ್ನು ಎತ್ತದೆ, ಒಂದೇ ಉಸಿರಿಗೆ ಬರೆದರು:

‘ಮಗಳಿಗೆ ತೋರಿಸಲು.’